ರೆಕ್ಕೆ ಮುಟ್ಟಿ ನೋಡುವ ಕೈ

ಚಲುವರಾಜು ಕಣ್ಣಿಗೆ ಟವೆಲ್ಲು ಕಟ್ಟಿಕೊಂಡು ಬೆಂಚಿನ ಮೇಲೆ ಕೂತಿದ್ದಾರೆ. ಆತಗೂರಿಗೆ ಹೊಂದಿಕೊಂಡ ಹಳ್ಳಿಯೊಂದರ ಹಿತ್ತಿಲು. ಬೆಳಕು ಇನ್ನೂ ಪೂರಾ ಹರಿದಿಲ್ಲ, ಆಚೆ ಕಬ್ಬಿನ ಗದ್ದೆ ಮಂಜಿನಲ್ಲಿ ಕಾಣುವುದೇ ಇಲ್ಲ. ಕೊಟ್ಟಿಗೆಯ ಬಲ್ಬಿನ ಕೆಳಗೆ ಮೀನು ಮಾರುವವರು ಇಟ್ಟುಕೊಳ್ಳುವಂಥ ಎರಡು ಥರ್ಮೊಕೋಲ್ ಪೆಟ್ಟಿಗೆಗಳಿವೆ. ಎರಡರ ತುಂಬ ಮದ್ದೂರಿನ ಐಸ್ ಫ್ಯಾಕ್ಟರಿಯಿಂದ ನಿನ್ನೆ ಸಂಜೆ ಬೈಕಿನಲ್ಲಿ ತಂದ ಐಸು. ಐಸಿನ ಮೇಲೆ ಒಂದೊಂದು ಊಟದ ತಟ್ಟೆ, ತಟ್ಟೆಯಲ್ಲಿ ಬೆರಳ ತುದಿ ನೆನೆಯುವಷ್ಟು ನೀರು. ಪೆಟ್ಟಿಗೆಗೆ ಅಂಟಿದ ಮೀನಿನ ವಾಸನೆಗೆ ಮನೆಯ ಬೆಕ್ಕು ಬೆಳಗಿನ ನಿದ್ದೆ ಬಿಟ್ಟು ಬಂದು ಸುತ್ತು ಹಾಕುತ್ತಿದೆ.

ಒಂದು ಪೆಟ್ಟಿಗೆಯ ಐಸಿಗೆ ಹೆಂಡತಿ ವೀಣ ಎರಡು ಹಿಡಿ ಕಲ್ಲುಪ್ಪು ಬೆರೆಸಿದ್ದಾರೆ. ಉಪ್ಪು ಬಿದ್ದ ಐಸಿನ ಚಳಿಯೇ ಬೇರೆ. ಅದರ ಮೇಲಿನ ತಟ್ಟೆಯ ನೀರು ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಇನ್ನೊಂದು ತಟ್ಟೆಯದು ನೀರಾಗಿಯೇ ಉಳಿಯುತ್ತದೆ. ನೋಡುವ ಕಣ್ಣಿಗೆ ಎರಡೂ ಒಂದೇ ಥರ ಹೊಳೆಯುತ್ತವೆ. ಈ ಉಪ್ಪಿನ ಉಪಾಯವನ್ನು ವೀಣ ಕಲಿತದ್ದು ತವರೂರಾದ ಮಳವಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ, ಕುಲ್ಫಿ ಮಾರುವವನ ಡಬ್ಬ ನೋಡಿ.

ಚಲುವರಾಜು ಬಲಗೈಯನ್ನು ಐಸ್ ನೀರಿನ ಬೋಗುಣಿಯಲ್ಲಿ ಮುಳುಗಿಸಿಟ್ಟಿದ್ದಾರೆ. ಬೆರಳು ಕೆಂಪಾಗುವವರೆಗೆ ಕಾದು ಎತ್ತುತ್ತಾರೆ. ವೀಣ ಆ ಕೈಯನ್ನು ಹಿಡಿದು ಒಂದು ತಟ್ಟೆಯ ಮೇಲೆ ಇಡುತ್ತಾರೆ.

“ಯೋಳಿ. ಐಸೋ, ನೀರೋ?”

“ನೀರು.”

ವೀಣ ಮಡಿಲಿನಿಂದ ಒಂದು ಹುಣಸೆ ಬೀಜ ತೆಗೆದು ಪಕ್ಕದ ಹಿತ್ತಾಳೆ ಚೊಂಬಿಗೆ ಹಾಕುತ್ತಾರೆ. ಟಣ್ ಎನ್ನುತ್ತದೆ. ಸರಿಯಾದರೆ ಬೀಜ ಚೊಂಬಿಗೆ, ತಪ್ಪಾದರೆ ಸದ್ದಿಲ್ಲದೆ ಸೆರಗಿಗೆ. ಮತ್ತೆ ಕೈ ಬೋಗುಣಿಗೆ, ಮತ್ತೆ ತಟ್ಟೆಗೆ.

“ಇದು?”

“ಐಸು.”

ಟಣ್.

“ಇದು?”

ಚಲುವರಾಜು ಬೆರಳನ್ನು ನಿಧಾನಕ್ಕೆ ಸರಿಸುತ್ತಾರೆ. ಹಣೆಯ ಮೇಲೆ ಗೆರೆಗಳು ಮೂಡುತ್ತವೆ. “ಐಸು,” ಎನ್ನುತ್ತಾರೆ. ಚೊಂಬಿನಿಂದ ಸದ್ದು ಬರುವುದಿಲ್ಲ. ಕಟ್ಟಿದ ಕಣ್ಣಿನ ಮನುಷ್ಯ ಆ ಸದ್ದಿಗಾಗಿ ಕಿವಿ ಕೊಟ್ಟು ಕಾಯುವುದನ್ನು ನೋಡುತ್ತ ನಿಲ್ಲುವುದು ಕಷ್ಟ.

ಎಂಟು ಗಂಟೆಗೆ ಮಂಡ್ಯದಿಂದ ಕಿಟ್ಟು ಫೋನ್ ಮಾಡಲಿದ್ದಾರೆ. ದೂರದ ವಿಮಾನ ನಿಲ್ದಾಣಗಳಿಗೆ ಚಳಿಗಾಲದ ಆಳು ಕಳಿಸುವ ಕಂಪನಿಗೆ ಈ ಕಡೆಯ ಏಜೆಂಟ್ ಅವರು. ಅವರು ಕೇಳಬೇಕಾದದ್ದು ಒಂದೇ ಮಾತು: ಕೈ ಸರಿಹೋಯಿತಾ? ಹೂಂ ಎಂದರೆ ಸಾಕು, ರೈಲಿನ ಟಿಕೆಟ್ ಬರುತ್ತದೆ. ಆ ಕೈಯನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಅಲ್ಲಿಗೆ ಹೋದ ಮೇಲೆ ಅದೇ ಕೈ ಒಂದು ರೆಕ್ಕೆಯ ಮೇಲೆ ಕೂತು ‘ಸರಿ ಇದೆ’ ಎನ್ನಬೇಕು, ಆ ಮಾತನ್ನು ನಂಬಿ ಎಪ್ಪತ್ತು ಜನ ಕೂತ ವಿಮಾನ ಬೆಟ್ಟಗಳ ನಡುವಿನಿಂದ ಮೇಲೇಳಬೇಕು.

ಚಲುವರಾಜು ಮಾಡುವ ಕೆಲಸಕ್ಕೆ ಊರಿನಲ್ಲಿ ಹೆಸರಿಲ್ಲ. “ಇಮಾನದ ಮೈ ತೊಳ್ಯಾಕ್ ಓಯ್ತಾನೆ,” ಎನ್ನುತ್ತಾರೆ ಜನ, ಎಮ್ಮೆ ಮೈ ತೊಳೆಯುವ ಮಾತಿನ ಹಾಗೆ. ಸೋಪು ಯಾವುದು ಹಾಕುತ್ತೀಯ ಎಂದು ಕೇಳಿದವರೂ ಇದ್ದಾರೆ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ, ನಗುತ್ತಾರೆ. ಒಂಬತ್ತು ಚಳಿಗಾಲ ಉತ್ತರದ ಬೆಟ್ಟಗಳ ನಡುವಿನ ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ ಅವರು ಮಾಡಿರುವುದು ರೆಕ್ಕೆಯ ಮೇಲೆ ಕೂತ ಮಂಜು ತೆಗೆಯುವ ಕೆಲಸ. ಯಾವ ನಿಲ್ದಾಣ ಎಂದು ಬರೆಯಬೇಡಿ ಎಂದು ಕೇಳಿಕೊಂಡಿದ್ದಾರೆ. “ಅವ್ರು ನಂಗೆ ಅನ್ನ ಆಕವ್ರೆ,” ಎಂಬುದು ಕಾರಣ.

ರಾತ್ರಿ ಅಲ್ಲಿ ತಂಗಿದ ವಿಮಾನದ ಮೈಮೇಲೆ ಬೆಳಗಾಗುವಷ್ಟರಲ್ಲಿ ಇಬ್ಬನಿಯೇ ಹೆಪ್ಪುಗಟ್ಟಿರುತ್ತದೆ. ಬೆಳ್ಳಗೆ, ಸಣ್ಣ ರವೆ ಚೆಲ್ಲಿದ ಹಾಗೆ. ಇಷ್ಟು ದೊಡ್ಡ ವಿಮಾನಕ್ಕೆ ಇಷ್ಟು ತೆಳ್ಳನೆಯ ಮಂಜು ಏನು ಮಾಡೀತು ಎಂದು ಯಾರಿಗಾದರೂ ಅನಿಸುತ್ತದೆ. ತೂಕದ ಪ್ರಶ್ನೆಯೇ ಅಲ್ಲ ಅದು. ರೆಕ್ಕೆಯ ಮೇಲೆ ಗಾಳಿ ನುಣ್ಣಗೆ ಹರಿದರೆ ಮಾತ್ರ ರೆಕ್ಕೆ ವಿಮಾನವನ್ನು ಎತ್ತುತ್ತದೆ. ಮರ ಉಜ್ಜುವ ಉಪ್ಪುಕಾಗದದಷ್ಟು ಒರಟು ಮಂಜು ಕೂತರೂ ಸಾಕು, ಎತ್ತುವ ಬಲದಲ್ಲಿ ಮೂರರಲ್ಲೊಂದು ಪಾಲಿನವರೆಗೂ ಹೋಗಿಬಿಡಬಹುದು. ಓಟವೆಲ್ಲ ಸರಿಯಾಗಿಯೇ ಇರುತ್ತದೆ, ಚಕ್ರ ನೆಲ ಬಿಟ್ಟ ಮೇಲೆ ವಿಮಾನ ಏಳಲಾರದೆ ಒಂದು ಪಕ್ಕಕ್ಕೆ ವಾಲುತ್ತದೆ. ಆಗ ಪೈಲಟ್ ಕೈಯಲ್ಲಿ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಚಲುವರಾಜು ಇದನ್ನು ತಮ್ಮ ಊರಿನ ಕಾಲುವೆಯಲ್ಲಿ ತೋರಿಸುತ್ತಾರೆ. “ನಾಲೆ ನೀರು ನೋಡಿ, ಎಂಗೆ ನುಣ್ಣುಗೆ ಓಯ್ತಾ ಐತೆ. ಮಧ್ಯದಲ್ಲಿ ಜೊಂಡು ಬೆಳ್ಕೊಂಡ್ರೆ ಅಲ್ಲಿ ಸುಳಿ ಬತ್ತದೆ. ಗಾಳೀಗೂ ಅಂಗೆಯ. ಸುಳಿಗೆ ಬಿದ್ದ ಗಾಳಿ ಇಮಾನ ಎತ್ತಾಕಿಲ್ಲ.”

ಬಿಳಿ ಮಂಜು ಒಳ್ಳೆಯದು ಎನ್ನುತ್ತಾರೆ ಅವರು, ಯಾಕೆಂದರೆ ಅದು ಕಾಣುತ್ತದೆ. ಬಿಸಿ ಮಾಡಿದ ಔಷಧಿ ಎರಚುವ ಲಾರಿ ಬಂದು ಅದನ್ನು ಕರಗಿಸುತ್ತದೆ. ತೆಳ್ಳಗಿದ್ದರೆ ಇಬ್ಬರು ಆಚೆ ಈಚೆ ನಿಂತು ರೆಕ್ಕೆಯ ಮೇಲೆ ಹಗ್ಗ ಎಳೆದು ಉದುರಿಸುತ್ತಾರೆ. ಭಯ ಇರುವುದು ಕಾಣದ ಐಸಿನದು. ರೆಕ್ಕೆಯೊಳಗಿನ ಇಂಧನ ತಣ್ಣಗೆ ಕೊರೆಯುತ್ತಿರುವಾಗ ಮೇಲೆ ಬಿದ್ದ ಹನಿ ಗಾಜಿನ ಹಾಗೆ ಅಂಟಿಕೊಳ್ಳುತ್ತದೆ. ಟಾರ್ಚು ಬಿಟ್ಟರೂ ಒದ್ದೆ ಬಣ್ಣದ ಹಾಗೇ ಹೊಳೆಯುತ್ತದೆ. ಅದನ್ನು ಪತ್ತೆ ಮಾಡಲು ಆ ನಿಲ್ದಾಣದಲ್ಲಿ ಇರುವ ದಾರಿ ಒಂದೇ: ಏಣಿ ಹತ್ತಿ, ಗ್ಲೌಸು ಬಿಚ್ಚಿ, ಬರಿಗೈ ಇಟ್ಟು ನೋಡುವುದು. ಎಂಜಿನಿಯರ್ ಸಹಿ, ಪೈಲಟ್ ಒಪ್ಪಿಗೆ ಎಲ್ಲ ಆಮೇಲೆ ಬರುತ್ತವೆ. ಆ ಬರಿಗೈ ಇಷ್ಟು ವರ್ಷ ಚಲುವರಾಜು ಅವರದೇ ಆಗಿತ್ತು.

ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ದೆಹಲಿಗೆ ಹೋಗುವ ಲಾರಿಯಲ್ಲಿ ಲೋಡು ಕಾಯಲು ಹೋದವರು ಅವರು. ಅಲ್ಲಿ ಪರಿಚಯವಾದವರೊಬ್ಬರು ವಿಮಾನ ನಿಲ್ದಾಣದಲ್ಲಿ ಸಾಮಾನು ಹೊರುವ ಕೆಲಸಕ್ಕೆ ಸೇರಿಸಿದರು, ಅಲ್ಲಿಂದ ಬೆಟ್ಟದ ಮೇಲಿನ ನಿಲ್ದಾಣಕ್ಕೆ ಹಾಕಿದರು. ಹೋದ ಮೊದಲ ವರ್ಷವೇ ಒಂದು ಬೆಳಿಗ್ಗೆ ಔಷಧಿ ಲಾರಿ ಕೆಟ್ಟು ನಿಂತಿತು. ಎಂಜಿನಿಯರು ಹಗ್ಗ ತರಿಸಿ ಎಳೆಯಿರಿ ಎಂದರು. ನಾಲ್ಕು ಜನ ಹಗ್ಗಜಗ್ಗಾಟದ ಹಾಗೆ ಎಳೆದಾಡಿದರು. ಹಗ್ಗ ಒಂದು ಕಡೆ ಒತ್ತಿತು, ಇನ್ನೊಂದು ಕಡೆ ಹಾರಿತು.

ಚಲುವರಾಜುಗೆ ನೆನಪಾದದ್ದು ಅಪ್ಪ ಹೊನ್ನಯ್ಯನ ಜೊತೆ ಭತ್ತದ ಸಸಿ ಬೆಳೆಸುವ ಒಟ್ಲಿನಲ್ಲಿ ಬೆಳಗಿನ ಜಾವ ಹಗ್ಗ ಹಿಡಿದದ್ದು. ಎಳೆ ಪೈರಿನ ತುದಿಯಲ್ಲಿ ಇಬ್ಬನಿ ನಿಂತರೆ ಬೆಂಕಿರೋಗ ಬರುತ್ತದೆಂದು ಈ ಕಡೆಯವರು ಹೊತ್ತು ಮೂಡುವ ಮುಂಚೆ ಮಡಿಯ ಎರಡೂ ಬದಿಯಲ್ಲಿ ನಿಂತು ಹಗ್ಗ ಆಡಿಸುತ್ತಾರೆ. ಹಗ್ಗ ಪೈರನ್ನು ಬಗ್ಗಿಸಬಾರದು, ಸವರಬೇಕು. ಒಬ್ಬ ಎಳೆದಾಗ ಇನ್ನೊಬ್ಬ ಬಿಡಬೇಕು, ಬಿಡುವಾಗಲೂ ಬಿಗಿ ಇರಬೇಕು. “ಎಳ್ಯೋದು ಎಲ್ರಿಗೂ ಬತ್ತದೆ, ಬುಡೋದು ಬರಾಕಿಲ್ಲ,” ಎನ್ನುತ್ತಾರೆ ಅವರು. ಆವತ್ತು ಜೊತೆಗಿದ್ದವನಿಗೆ ಬಿಡುವುದನ್ನು ಹೇಳಿಕೊಟ್ಟರು, ಮಂಜು ಉದುರಿತು. ಮಾರನೆಯ ವರ್ಷ ಹಗ್ಗದ ಆ ತುದಿಗೆಂದೇ ಬಾಮೈದ ಸಂತೋಷನನ್ನು ಮಳವಳ್ಳಿಯಿಂದ ಕರೆದುಕೊಂಡು ಹೋದರು.

ಸಂತೋಷ್ ವೀಣರ ತಮ್ಮ. ಮಾತಿಗೆ ಮುಂದು, ಕೆಲಸಕ್ಕೂ ಮುಂದು, ಕೆಲವೊಮ್ಮೆ ಬುದ್ಧಿಗಿಂತ ಮುಂದು. ಮೊದಲ ವಾರದಲ್ಲೇ ಅವರು ಒಂದು ಬಕೆಟ್ ಬಿಸಿನೀರು ಹೊತ್ತು ರೆಕ್ಕೆಯ ಏಣಿ ಹತ್ತಿದ್ದರು. ಮಂಡ್ಯ ಕಡೆಯವನಿಗೆ ಚಳಿ ಎಂದರೆ ಒಲೆಯ ಮೇಲಿನ ಹಂಡೆ ನೆನಪಾಗುತ್ತದೆ. ಎಂಥ ಚಳಿಗೂ ಒಂದು ಚೊಂಬು ಬಿಸಿನೀರು ಮದ್ದು. ಆದರೆ ರೆಕ್ಕೆಯ ಮೇಲೆ ಹುಯ್ದ ನೀರು ಸಂದಿಗಿಳಿದು, ಮಡಚುವ ಪಟ್ಟಿಗಳ ಕೀಲಿನಲ್ಲಿ ಮತ್ತೆ ಹೆಪ್ಪುಗಟ್ಟಿ, ಆಕಾಶದಲ್ಲಿ ವಿಮಾನ ತಿರುಗದ ಹಾಗೆ ಮಾಡಬಲ್ಲದು. ಚಲುವರಾಜು ಕಿರುಚಿದ ಸದ್ದಿಗೆ ಬಕೆಟ್ ಕೈತಪ್ಪಿ ಕೆಳಗೆ ಬಿತ್ತು. ನೆಲದ ಮೇಲೆ ಚೆಲ್ಲಿದ ನೀರು ನೋಡನೋಡುತ್ತ ಐಸಾಗಿ, ಅದರ ಮೇಲೆ ಜಾರಿ ಸಂತೋಷ್ ಸೊಂಟ ಉಳುಕಿಸಿಕೊಂಡರು. ಇವತ್ತಿಗೂ ಮನೆಯಲ್ಲಿ ಯಾರಾದರೂ ಸ್ನಾನಕ್ಕೆ ನೀರು ಕಾಯಿಸಿದರೆ ಅವರನ್ನು ರೇಗಿಸುವುದು ತಪ್ಪಿಲ್ಲ.

ಈ ಕತೆ ಹೇಳುವಾಗ ನಗುವ ಚಲುವರಾಜು, ಕಳೆದ ಜನವರಿಯ ಮಾತು ಬಂದರೆ ನಗುವುದಿಲ್ಲ. ಟವೆಲ್ಲನ್ನು ಹಣೆಯ ಮೇಲಕ್ಕೆ ಸರಿಸಿ, ಒದ್ದೆ ಕೈಯನ್ನು ತೊಡೆಗೆ ಒರೆಸಿಕೊಂಡು, ಒಂದೊಂದೇ ಹೇಳುತ್ತಾರೆ.

ಹಿಂದಿನ ಸಂಜೆ ಸೋನೆ ಬಿದ್ದು ರಾತ್ರಿ ಆಕಾಶ ತೆರೆದಿತ್ತು. ಅಂಥ ಬೆಳಿಗ್ಗೆಯೇ ಕೆಟ್ಟದ್ದು. ಲಾರಿ ಔಷಧಿ ಹೊಡೆದು ಹೋಯಿತು. ಬಾಲದ ಕಡೆ ಉಳಿದದ್ದನ್ನು ಹಗ್ಗ ಎಳೆದು ತೆಗೆದರು. ಆಮೇಲೆ ಚಲುವರಾಜು ಏಣಿ ಹತ್ತಿ ಬಲ ರೆಕ್ಕೆಯ ಮೇಲೆ, ಇಂಧನದ ಟ್ಯಾಂಕು ಇರುವ ಜಾಗದಲ್ಲಿ ಕೈಯಿಟ್ಟರು. ಮುಂದಿಟ್ಟರು, ಹಿಂದಿಟ್ಟರು. ಕೆಳಗೆ ನಿಂತ ಎಂಜಿನಿಯರಿಗೆ ಹೆಬ್ಬೆರಳು ಎತ್ತಿ ತೋರಿಸಿದರು. ಎಂಜಿನಿಯರು ಸಹಿ ಹಾಕಿದರು. ಬಸ್ಸಿನಲ್ಲಿ ಬಂದ ಪ್ರಯಾಣಿಕರು ಒಳಗೆ ಹತ್ತಿದರು, ಬಾಗಿಲು ಮುಚ್ಚಿತು.

ಏಣಿ ತಳ್ಳಿಕೊಂಡು ಈಚೆ ಬಂದು ಗ್ಲೌಸು ಹಾಕಿಕೊಳ್ಳಲು ಹೋದಾಗ ಅದರ ಅಂಚಿಗೆ ಕೆಂಪು ಹತ್ತಿದ್ದು ಕಂಡಿತು. ಕೈ ತಿರುಗಿಸಿ ನೋಡಿದರು. ತೋರುಬೆರಳಿನ ಮತ್ತು ನಡುಬೆರಳಿನ ತುದಿ ಕುಯ್ದು ರಕ್ತ ಇಳಿಯುತ್ತಿತ್ತು. ಏಣಿಯ ಕಂಬಿಯಲ್ಲಿ ಎದ್ದಿದ್ದ ತಗಡಿನ ಚೂರು ಕುಯ್ದಿತ್ತು. ಹತ್ತುವಾಗಲೋ ಇಳಿಯುವಾಗಲೋ, ತಿಳಿಯದು. ನೋವು ಇರಲಿಲ್ಲ. ಚಳಿಗೆ ಬೆರಳು ಜೋಮು ಹಿಡಿಯುವುದು ಹೊಸದೇನಲ್ಲ, ಆದರೆ ಕುಯ್ದದ್ದೂ ತಿಳಿಯದಷ್ಟು ಹಿಂದೆಂದೂ ಆಗಿರಲಿಲ್ಲ. ಇನ್ನೊಂದು ಕೈಯ ಉಗುರಿನಿಂದ ಗಾಯವನ್ನೇ ಒತ್ತಿ ನೋಡಿದರು. ಬೇರೆ ಯಾರದೋ ಬೆರಳನ್ನು ಒತ್ತಿದ ಹಾಗಿತ್ತು.

“ಕೈ ಕುಯ್ದಿದ್ದೇ ಗೊತ್ತಾಗಿಲ್ಲ ಅಂದ್ಮೇಲೆ, ಐಸು ಇಲ್ಲ ಅಂತ ಎಂಗೆ ಗೊತ್ತಾಯ್ತು ನಂಗೆ?” ಎಂದು ಅವರು ಕೇಳುತ್ತಾರೆ. ಆವತ್ತು ಆ ಪ್ರಶ್ನೆ ಹುಟ್ಟಿದ ಗಳಿಗೆಯಲ್ಲೇ ವಿಮಾನದ ಎಡ ರೆಕ್ಕೆಯ ಫ್ಯಾನು ತಿರುಗಲು ಶುರುವಾಯಿತು.

ಚಕ್ರ ಉರುಳದಂತೆ ಇಡುವ ಅಡ್ಡಗಟ್ಟೆ ಹಿಡಿದು ನಿಂತಿದ್ದ ಸಂತೋಷನ ಹತ್ತಿರ ಓಡಿದರು. ಕೈ ತೋರಿಸಿದರು. ಸಂತೋಷ್‌ಗೆ ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು. ಅರ್ಥವಾದದ್ದರಿಂದಲೇ ಅವರು ಭಾವನ ತೋಳು ಹಿಡಿದುಕೊಂಡರು.

“ಸುಮ್ಕಿರು ಬಾವ. ಔಸ್ದಿ ಒಡ್ದವ್ರೆ. ಏನೂ ಇರಾಕಿಲ್ಲ. ಈಗ ನಿಲ್ಸುದ್ರೆ ಇಬ್ರುದೂ ಕೆಲ್ಸ ಓಯ್ತದೆ.”

“ಇದ್ರೆ?”

“ಇರಾಕಿಲ್ಲ ಕಣ್ ಬಾವ.”

“ನೀನು ಮುಟ್ಟಿದ್ಯೇನ್ಲಾ?”

ಸಂತೋಷ್ ಹಿಡಿತ ಬಿಗಿಮಾಡಿದರು. ಬಲಗಡೆಯ ಫ್ಯಾನು ತಿರುಗಿತು. ಕಿಟಕಿಯಲ್ಲಿ ಕೆಂಪು ಟೋಪಿ ಹಾಕಿದ ಹೆಂಗಸೊಬ್ಬರು ಫೋನಿನಲ್ಲಿ ಫೋಟೊ ತೆಗೆಯುತ್ತಿದ್ದರು. ಚಲುವರಾಜು ಬಾಮೈದನ ಕೈ ಕೊಡವಿಕೊಂಡು ವಿಮಾನದ ಮೂತಿಯ ಮುಂದಕ್ಕೆ ಓಡಿ, ಪೈಲಟ್‌ಗೆ ಕಾಣುವ ಹಾಗೆ ನಿಂತು, ಎರಡೂ ಕೈಯನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದರು. ನಿಲ್ಲಿಸು ಎಂಬ ಆ ಸನ್ನೆ ನೆಲದ ಮೇಲೆ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಅದಕ್ಕೆ ಹಿಂದಿನ ಎಂಟು ಚಳಿಗಾಲದಲ್ಲಿ ಅವರು ಅದನ್ನು ಒಮ್ಮೆಯೂ ಮಾಡಿರಲಿಲ್ಲ. ಹಿಡಿದ ಕೈ ಇಳಿಸಲಿಲ್ಲ.

ಫ್ಯಾನು ನಿಂತಿತು. ಎಂಜಿನಿಯರು ಬಂದು ಹಿಂದಿಯಲ್ಲಿ ಕೂಗಾಡಿ, ಏಣಿ ತರಿಸಿ, ತಾವೇ ಹತ್ತಿ ಎರಡೂ ರೆಕ್ಕೆ ಬರಿಗೈಯಲ್ಲಿ ತಡವಿದರು. ಬಹಳ ಹೊತ್ತು ತಡವಿದರು. ಕೆಳಗೆ ನಿಂತವರೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು.

ಐಸು ಇರಲಿಲ್ಲ.

ರೆಕ್ಕೆ ತೊಳೆದ ತಟ್ಟೆಯ ಹಾಗಿತ್ತು. ಇಳಿದು ಬಂದ ಎಂಜಿನಿಯರು ಕೂಗಾಡಲೂ ಇಲ್ಲ, ಅದು ಇನ್ನೂ ಕಷ್ಟವಾಯಿತು. ಅಷ್ಟರಲ್ಲಿ ಕಣಿವೆಯಿಂದ ಕಾವಳ ಎದ್ದು ಓಟದ ದಾರಿ ಮುಚ್ಚಿತು. ವಿಮಾನ ಆವತ್ತು ಹೋಗಲೇ ಇಲ್ಲ. ಪ್ರಯಾಣಿಕರನ್ನು ಇಳಿಸಿದರು. ಮುದುಕರೊಬ್ಬರು ತಂಗಿಯ ಮಣ್ಣಿಗೆ ಹೋಗಬೇಕಿತ್ತು ಎಂದು ಅಳುತ್ತ ಬಸ್ಸು ಹತ್ತಿದ್ದನ್ನು ಚಲುವರಾಜು ಕಂಡರು. ಅದನ್ನು ಹೇಳುವಾಗ ಅವರ ದನಿ ಇಳಿಯುತ್ತದೆ. ಆ ಮುದುಕರಿಗೆ ತಂಗಿಯ ಮುಖ ಕೊನೆಗೂ ಸಿಗದ ಹಾಗೆ ಮಾಡಿದವನು ತಾನು, ಐಸಂತೂ ಅಲ್ಲ, ಎಂಬ ನೋವು ಅವರಲ್ಲಿ ಹಾಗೇ ಇದೆ.

ಸೂಪರ್‌ವೈಸರ್ ಕರೆದು ಕೇಳಿದರು, ಇಲ್ಲದ ಐಸನ್ನು ಇದೆ ಎಂದು ಯಾಕೆ ಹೇಳಿದೆ ಎಂದು. “ಐತೆ ಅಂದಿಲ್ಲ ಸಾರ್. ಇಲ್ಲ ಅಂತ ಮೊದ್ಲು ಯೋಳಿದ್ನಲ್ಲ, ಅದ್ನ ವಾಪಸ್ ತಗಂಡೆ,” ಎಂದರು ಚಲುವರಾಜು, ತಮ್ಮ ಮಂಡ್ಯದ ಹಿಂದಿಯಲ್ಲಿ. ಆ ಉತ್ತರ ಯಾರಿಗೂ ರುಚಿಸಲಿಲ್ಲ. ಉಳಿದ ಚಳಿಗಾಲಕ್ಕೆ ಅವರನ್ನೂ ಸಂತೋಷನನ್ನೂ ಸಾಮಾನು ಹೊರುವ ಕಡೆ ಹಾಕಿದರು. ಸಂತೋಷ್ ಊರಿಗೆ ಬರುವವರೆಗೂ ಭಾವನ ಜೊತೆ ಮಾತು ಬಿಟ್ಟಿದ್ದರು. ಒಂದೇ ಕೋಣೆ, ಒಂದೇ ಒಲೆ, ಒಂದೇ ಪಾತ್ರೆಯ ಅನ್ನ, ಮಾತು ಮಾತ್ರ ಇಲ್ಲ.

ಆವತ್ತಿನ ಪೈಲಟ್ ಒಬ್ಬ ಹೆಂಗಸು. ಅವರು ಕೆಳಗಿಳಿದು ಬಂದಾಗ ಇನ್ನೊಂದು ಸುತ್ತು ಬೈಗುಳ ಎಂದು ಚಲುವರಾಜು ತಲೆ ತಗ್ಗಿಸಿದ್ದರು. ಅವರು ಬೈಯಲೂ ಇಲ್ಲ, ಹೊಗಳಲೂ ಇಲ್ಲ. ರಕ್ತದ ಕೈಯನ್ನು ನೋಡಿ, “ಮುಂದಿನ ಸಲ ಮೊದಲು ನಿನ್ನ ಕೈ ನೋಡಿಕೋ, ಆಮೇಲೆ ನನ್ನ ರೆಕ್ಕೆ,” ಎಂದು ಹೇಳಿ ಹೋದರು.

ಹಿತ್ತಿಲಿನ ಈ ಪರೀಕ್ಷೆ ಹುಟ್ಟಿದ್ದು ಆ ಒಂದು ಮಾತಿನಿಂದ. ಬೇಸಿಗೆಯಲ್ಲಿ ಮಂಡ್ಯದ ಡಾಕ್ಟರು ಬೆರಳಿಗೆ ಸೂಜಿ ಚುಚ್ಚಿ ನೋಡಿ, ಚಳಿ ಪದೇ ಪದೇ ತಾಗಿ ನರ ಸೊರಗಿದೆ, ಸರಿಹೋದರೂ ಹೋಗಬಹುದು ಎಂದರು. ಎಣ್ಣೆ ತಿಕ್ಕಿದ್ದಾಯಿತು, ಮಾತ್ರೆ ನುಂಗಿದ್ದಾಯಿತು. ಬೆಚ್ಚಗಿರುವಾಗ ಬೆರಳು ಚೆನ್ನಾಗಿಯೇ ಇದೆ. ರಾಗಿಯಲ್ಲಿ ಬೆರೆತ ಸಣ್ಣ ಕಲ್ಲನ್ನು ಕತ್ತಲಲ್ಲೂ ಹೆಕ್ಕುತ್ತಾರೆ. ಆದರೆ ರೆಕ್ಕೆಗೆ ಬೇಕಾದದ್ದು ಬೆಚ್ಚಗಿನ ಕೈ ಅಲ್ಲ. ಅದಕ್ಕೇ ಈ ಐಸು, ಈ ಉಪ್ಪು.

“ಚಳೀಗೆ ಯಾಕ್ ಸಾಯ್ತೀಯ ಮಗ, ಇಲ್ಲೇ ಎಳ್ನೀರು ಕೆತ್ಕೊಂಡಿರು,” ಎನ್ನುತ್ತಾರೆ ತಾಯಿ ಚಿಕ್ಕಬೋರಮ್ಮ, ಕಾಫಿ ತಂದಿಟ್ಟು. ಮಗ ಕಾಫಿಯ ಲೋಟ ಎತ್ತಿಕೊಳ್ಳುತ್ತಾರೆ. ಆ ಕೆಲಸದ ಮೇಲೆ ಅವರಿಗಿರುವ ಆಸೆಯನ್ನು ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಕೈಯಿಟ್ಟ ವಿಮಾನ ಓಡಿ, ಎದ್ದು, ಬೆಟ್ಟದ ಸಂದಿಯಲ್ಲಿ ಚುಕ್ಕಿಯಾಗುವವರೆಗೆ ಒಂದು ದಿನವೂ ತಿರುಗಿ ನಡೆದವರಲ್ಲ ಎಂದು ಸಂತೋಷ್ ಹೇಳುತ್ತಾರೆ. ಆ ಚುಕ್ಕಿ ಕಾಣದಾದ ಮೇಲೆಯೇ ಅವರಿಗೆ ಬೆಳಗಿನ ಚಹಾ.

ಏಳೂವರೆ ದಾಟಿದೆ. ಮಂಜು ತೆಳುವಾಗಿ ಕಬ್ಬಿನ ಸೂಲಂಗಿ ಹೂಗಳು ಕಾಣುತ್ತಿವೆ. ಬೇಲಿಯಾಚೆ ಬೈಕು ನಿಲ್ಲಿಸಿ ಸಂತೋಷ್ ಒಳಗೆ ಬರುತ್ತಾರೆ. ಮಳವಳ್ಳಿಯಿಂದ ಇಷ್ಟು ಹೊತ್ತಿಗೇ ಬಂದದ್ದು ಕಿಟ್ಟುವಿನ ಫೋನಿಗಾಗಿ. ಇಬ್ಬರಿಗೂ ಹಗ್ಗ ಒಂದೇ, ಟಿಕೆಟ್ಟೂ ಒಟ್ಟಿಗೇ. ಬಾಗಿಲ ಕಲ್ಲಿನ ಮೇಲೆ ಕೂರುತ್ತಾರೆ.

ಕೊನೆಯ ಸುತ್ತು. ಚಲುವರಾಜು ಟವೆಲ್ಲನ್ನು ಕಣ್ಣಿನ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಕೈ ಬೋಗುಣಿಯಲ್ಲಿ ಈ ಸಲ ಹೆಚ್ಚು ಹೊತ್ತು ಇರುತ್ತದೆ. ವೀಣ ಪೆಟ್ಟಿಗೆಗಳನ್ನು ಸದ್ದಾಗದ ಹಾಗೆ ಅದಲು ಬದಲು ಮಾಡಿ, ಗಂಡನ ಕೈ ಹಿಡಿದು ಒಂದು ತಟ್ಟೆಯ ಮೇಲೆ ಇಡುತ್ತಾರೆ. ಇಟ್ಟ ತಕ್ಷಣ ವೀಣರ ಮುಖದಲ್ಲೇ ಉತ್ತರ ಇದೆ, ಆದರೆ ಅದನ್ನು ನೋಡುವ ಕಣ್ಣಿಗೆ ಬಟ್ಟೆ ಕಟ್ಟಿದೆ.

ಚಲುವರಾಜು ಬೆರಳನ್ನು ಅತ್ತ ಸರಿಸುತ್ತಾರೆ, ಇತ್ತ ಸರಿಸುತ್ತಾರೆ. ಉಗುರು ತಾಗಿಸುವುದಿಲ್ಲ, ರೆಕ್ಕೆಯ ಮೇಲೂ ತಾಗಿಸುವಂತಿಲ್ಲ. ಬೆಕ್ಕು ಕೂಡ ಸುತ್ತುವುದು ಬಿಟ್ಟು ಕೂತಿದೆ.

“ನೀರು,” ಎನ್ನುತ್ತಾರೆ.

ಚೊಂಬು ಸದ್ದು ಮಾಡುವುದಿಲ್ಲ.

ಅವರು ಟವೆಲ್ಲನ್ನು ತಾವೇ ಬಿಚ್ಚುತ್ತಾರೆ. ಬೆರಳ ಕೆಳಗೆ ತಟ್ಟೆಯ ತುಂಬ ಗಾಜಿನಂಥ ಐಸು. ಮುಂಚೆ ನೀರನ್ನು ಐಸೆಂದದ್ದು ತಪ್ಪಾದರೂ ಅದರಿಂದ ಯಾರೂ ಸಾಯುವುದಿಲ್ಲ, ವಿಮಾನ ತಡವಾಗುತ್ತದೆ ಅಷ್ಟೆ. ಇದು ಅಂಥ ತಪ್ಪಲ್ಲ. ಚಲುವರಾಜು ಆ ತಟ್ಟೆಯನ್ನು ನೋಡುತ್ತ ಕೂರುತ್ತಾರೆ. ಅವರ ಕಣ್ಣಲ್ಲಿ ನೀರು ತುಂಬುತ್ತದೆ, ಅದನ್ನು ಮುಚ್ಚಿಕೊಳ್ಳುವ ಪ್ರಯತ್ನವನ್ನೂ ಅವರು ಮಾಡುವುದಿಲ್ಲ.

“ಓಗ್ಲಿ ಬುಡು ಬಾವ,” ಎನ್ನುತ್ತಾರೆ ಸಂತೋಷ್, ಎದ್ದು ಬಂದು. “ಇಲ್ಲಿ ತಪ್ಪಾದ್ರೆ ಏನಾಯ್ತು? ಅಲ್ಲಿ ಔಸ್ದಿ ಒಡೀತಾರೆ. ಕಿಟ್ಟಣ್ಣಂಗೆ ಊಂ ಅಂದ್ಬುಡು. ಕೇಳೋರು ಯಾರು?”

“ನಾನೇ ಕೇಳ್ದೆ ಕಣ್ಲಾ. ಈಗ ನೋಡಿದ್ಯಲ್ಲ, ಏನ್ ಬಂತು ಉತ್ರ.” ಬೆಂಚಿನಿಂದ ಏಳುತ್ತಾರೆ. “ಬಾ, ಕೂತ್ಕೊ.”

“ನಾನಾ?”

“ನೀನೇ. ವೀಣ, ಕಟ್ಟು ಇವ್ನ ಕಣ್ಣ.”

ಸಂತೋಷ್ ಅಕ್ಕನ ಮುಖ ನೋಡುತ್ತಾರೆ, ಭಾವನ ಮುಖ ನೋಡುತ್ತಾರೆ, ಕೂರುತ್ತಾರೆ. ಐಸ್ ನೀರಿಗೆ ಕೈ ಅದ್ದಿದ ಕೂಡಲೇ ಹಲ್ಲು ಕಚ್ಚುತ್ತಾರೆ. ಮೊದಲನೆಯದಕ್ಕೆ ಕೈ ತಾಗುವ ಮುಂಚೆಯೇ “ಐಸು” ಎಂದುಬಿಡುತ್ತಾರೆ. ಸರಿಯಾಗಿದೆ, ಟಣ್ ಎನ್ನುತ್ತದೆ. ಎರಡನೆಯದಕ್ಕೂ ಅಷ್ಟೇ ಬೇಗ “ನೀರು,” ಅದೂ ಸರಿ. ಬೀಗುವ ನಗು ತುಟಿಗೆ ಬರುತ್ತದೆ.

ಚಲುವರಾಜು ನಗುವುದಿಲ್ಲ. “ಗೊತ್ತಾಗಿ ಯೋಳಿದ್ಯೋ, ಅಂದಾಜಿಗೆ ಯೋಳಿದ್ಯೋ?”

“ಸರಿ ಆಯ್ತಲ್ಲ ಬಾವ.”

“ನಾನ್ ಕೇಳಿದ್ದು ಅದಲ್ಲ.”

ಸಂತೋಷನ ನಗು ಇಳಿಯುತ್ತದೆ. ಚಲುವರಾಜು ಸನ್ನೆ ಮಾಡುತ್ತಾರೆ. ವೀಣ ಉಪ್ಪಿನ ಪೆಟ್ಟಿಗೆಯ ತಟ್ಟೆಗೆ ಸ್ವಲ್ಪ ನೀರು ಹನಿಸುತ್ತಾರೆ. ಈಗ ಕೆಳಗೆ ಐಸು, ಮೇಲೆ ನೀರು. ಒದ್ದೆ ರೆಕ್ಕೆಯ ಮೇಲೆ ಅಡಗಿಕೊಂಡಿರುವುದು ಇಂಥದೇ. ಕೈ ಮತ್ತೆ ಬೋಗುಣಿಗೆ ಹೋಗುತ್ತದೆ, ಈ ಸಲ ಬೆರಳು ಕೆಂಪಾಗಿ ನಡುಗುವವರೆಗೆ. ಚಲುವರಾಜು ತಾವೇ ಬಾಮೈದನ ಕೈ ಎತ್ತಿ ತಟ್ಟೆಯ ಮೇಲೆ ಇಡುತ್ತಾರೆ.

ಸಂತೋಷ್ ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ. ಬೆರಳು ಸರಿಸುತ್ತಾರೆ. ಇನ್ನೊಮ್ಮೆ ಸರಿಸುತ್ತಾರೆ. ಒಳಗೆ ಮೇಜಿನ ಮೇಲೆ ಫೋನು ಹೊಡೆದುಕೊಳ್ಳತೊಡಗುತ್ತದೆ. ಚಿಕ್ಕಬೋರಮ್ಮ ಅದನ್ನು ಹಿಡಿದುಕೊಂಡು ಹಿತ್ತಿಲ ಬಾಗಿಲಿಗೆ ಬರುತ್ತಾರೆ. ಯಾರೂ ತೆಗೆದುಕೊಳ್ಳುವುದಿಲ್ಲ.

“ಯೋಳ್ಲಾ,” ಎನ್ನುತ್ತಾರೆ ಚಲುವರಾಜು, ಮೆಲ್ಲಗೆ.

“ಗೊತ್ತಾಯ್ತಿಲ್ಲ ಬಾವ.”

“ಗೊತ್ತಾಗ್ದಿದ್ರೆ?”

ಜನವರಿಯ ಆ ಬೆಳಿಗ್ಗೆ ಭಾವನ ತೋಳು ಹಿಡಿದು ಎಳೆದ ಸಂತೋಷನ ಕೈ ಈಗ ತಟ್ಟೆಯ ಮೇಲಿದೆ.

“ಇಮಾನ ಆರಾಕಿಲ್ಲ.”

ವೀಣ ಬೀಜ ಹಿಡಿದುಕೊಂಡೇ ಕೂತಿದ್ದಾರೆ. ಐಸೂ ಅಲ್ಲದ ನೀರೂ ಅಲ್ಲದ ಈ ಉತ್ತರವನ್ನು ಎಲ್ಲಿಗೆ ಸೇರಿಸಬೇಕೆಂದು ತಿಳಿಯದೆ ಗಂಡನ ಕಡೆ ನೋಡುತ್ತಾರೆ.

“ಚೊಂಬಿಗಾಕು,” ಎನ್ನುತ್ತಾರೆ ಚಲುವರಾಜು.

ಆಮೇಲೆ ಒದ್ದೆ ಕೈಯಲ್ಲೇ ತಾಯಿಯಿಂದ ಫೋನ್ ಇಸಿದುಕೊಳ್ಳುತ್ತಾರೆ. ಸ್ಪೀಕರಿನಲ್ಲಿ ಕಿಟ್ಟುವಿನ ಅವಸರದ ದನಿ. “ಏನ್ ಚಲುವರಾಜಣ್ಣ, ಎಷ್ಟೊತ್ತು ರಿಂಗು? ಕೈ ಸರಿಹೋಯ್ತಾ? ಹೂಂ ಅಂದ್ರೆ ಈಗ್ಲೇ ಟಿಕೆಟ್ ಮಾಡಿಸ್ತೀನಿ.”

“ನನ್ ಕೈ ಆಗಾಕಿಲ್ಲ ಕಿಟ್ಟಪ್ಪ. ನಾನು ಅಗ್ಗ ಇಡೀತೀನಿ. ರೆಕ್ಕೆಗೆ ನಮ್ ಸಂತೋಸ ಕೈ ಇಡ್ತಾನೆ.”

ಕಿಟ್ಟುವಿನ ದನಿಯ ಅವಸರ ಇಳಿಯುತ್ತದೆ. “ಅವನಿಗೆ ಗೊತ್ತಾಗುತ್ತಾ ಅಣ್ಣ?”

ಚಲುವರಾಜು ಬೆಂಚಿನ ಕಡೆ ನೋಡುತ್ತಾರೆ. ಸಂತೋಷ್ ಇನ್ನೂ ಟವೆಲ್ಲು ಬಿಚ್ಚಿಲ್ಲ. ಕೆಂಪಾದ ಬೆರಳುಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಉತ್ತರ ಏನು ಬರುತ್ತದೋ ಎಂದು ಕಿವಿ ಕೊಟ್ಟು ಕೂತಿದ್ದಾರೆ.

“ಗೊತ್ತಾಗ್ದಿದ್ರೆ, ಗೊತ್ತಾಗ್ಲಿಲ್ಲ ಅಂತಾನೆ. ಬರ್ಕೊ ಅವ್ನ ಎಸ್ರ.”